‘ನೋ ಕ್ಯಾನ್ ಡೂ’ ಮತ್ತು ಅಜ್ಜಿಯ ಇಂಗ್ಲಿಷ್

ಮಕ್ಕಳು ದೊಡ್ಡವರಿಗೆ ‘ನೋ ಕ್ಯಾನ್ ಡೂ’ ಅಂದರೆ ಗದರಬೇಕಾ, ಬಿಡಬೇಕಾ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅತ್ತೆ ಹಾಸನದಿಂದ ಬಂದಿದ್ದಾರೆ. ಒಂದು ಬೆಳಗ್ಗೆ ಮಗನ ತಟ್ಟೆಗೆ ಇನ್ನೊಂದು ಅಕ್ಕಿ ರೊಟ್ಟಿ ಹಾಕಲು ಹೋದರು. ಒಂಬತ್ತು ವರ್ಷದ ಹುಡುಗ. ತಟ್ಟೆಗೆ ಕೈ ಅಡ್ಡ ಹಿಡಿದು ‘ನೋ ಕ್ಯಾನ್ ಡೂ, ಅಜ್ಜಿ’ ಅಂದ. ಅತ್ತೆ ರೊಟ್ಟಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ‘ಆಗಲ್ಲ ಅಂತಿದಾನೆ ಅತ್ತೆ’ ಅಂದೆ.

ಅವತ್ತೇ ಸಂಜೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ ಅತ್ತೆ ‘ಬ್ಯಾಗ್ ನೋ ವಾಂಟ್’ ಅಂದರು. ಅವಳಿಗೆ ಅರ್ಥವಾಯಿತು. ಮಗ ಮಾತ್ರ ಕಿಸಕ್ಕನೆ ನಕ್ಕ. ಮನೆ ಮುಟ್ಟುವವರೆಗೂ ಅತ್ತೆ ಕಾರಿನಲ್ಲಿ ಒಂದು ಮಾತಾಡಲಿಲ್ಲ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ರಾತ್ರಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಮಾತಿನ ಹುಟ್ಟು ಹೇಳಿದೆ. ಚೀನಾದ ಕ್ಯಾಂಟನ್ ಬಂದರು, ಈಗಿನ ಗ್ವಾಂಗ್‌ಝೌ. 1757ರಿಂದ 1842ರವರೆಗೆ ಹಡಗಿನಲ್ಲಿ ಬರುವ ಪಶ್ಚಿಮದ ವ್ಯಾಪಾರಿಗಳಿಗೆ ಅದೊಂದೇ ಬಾಗಿಲು. ಚಹಾ, ರೇಷ್ಮೆ ಕೊಳ್ಳಲು ಬಂದ ಇಂಗ್ಲಿಷರಿಗೆ ಚೀನೀ ಬರಲ್ಲ, ಮಾರುವವರಿಗೆ ಇಂಗ್ಲಿಷ್ ಪೂರ್ತಿ ಬರಲ್ಲ. ಇಂಗ್ಲಿಷ್ ಪದಗಳನ್ನು ಚೀನೀ ಮಾತಿನ ವರಸೆಯಲ್ಲಿ ಜೋಡಿಸಿದ ಒಂದು ವ್ಯಾಪಾರದ ಭಾಷೆ ಬೆಳೆಯಿತು, ಪಿಡ್ಜಿನ್ ಅಂತ. ‘ನೋ ಕ್ಯಾನ್ ಡೂ’ ಅನ್ನುವುದರಲ್ಲಿ ‘ನಾನು’ ಇಲ್ಲ, ‘ಅದನ್ನು’ ಇಲ್ಲ. ಈ ಜೋಡಣೆ ಆ ಭಾಷೆಯದು. ಮಕ್ಕಳನ್ನು ಸ್ಕೂಲಿಗೆ ಹೊರಡಿಸುವಾಗ ನಾವೇ ಅನ್ನುವ ‘ಚಾಪ್ ಚಾಪ್’, ಅಂದರೆ ಬೇಗ ಬೇಗ, ಕೂಡ ಅಲ್ಲಿಯದೇ.

ಆಮೇಲೆ ಚೀನೀಯರು ಇದೇ ಕ್ಯಾಲಿಫೋರ್ನಿಯಾಕ್ಕೆ ಬಂದು, ಬೆಟ್ಟ ಕೊರೆದು ರೈಲು ದಾರಿ ಹಾಕಿದರು. ಜನ ಅವರ ಇಂಗ್ಲಿಷ್ ಅಣಕಿಸಿ ನಕ್ಕರು. 1882ರಲ್ಲಿ ಚೀನೀ ಕೂಲಿಕಾರರು ಇನ್ನು ಬರಬಾರದು ಅಂತ ಕಾನೂನೇ ಆಯಿತು. ಅದು ರದ್ದಾಗಿದ್ದು 1943ರಲ್ಲಿ. ಅಣಕಿಸಿದ ಮಾತು ಎಲ್ಲರ ಬಾಯಲ್ಲೂ ಉಳಿಯಿತು. ಈಗ ಅನ್ನುವವರಿಗೆ ಆ ಉದ್ದೇಶ ಇರಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು. ನಾವೂ ಇಲ್ಲಿಗೆ ಹೊರಗಿನಿಂದ ಬಂದವರೇ ಅಲ್ವಾ?

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಬ್ಯಾಗ್ ನೋ ವಾಂಟ್ ಅಂದ್ರೆ ಬ್ಯಾಗ್ ಬೇಡ. ಅಜ್ಜಿ ಕನ್ನಡದ ತರ ಜೋಡಿಸಿದ್ದಾರೆ’ ಅಂದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ಗದರಬೇಡಿ, ಕಥೆ ಹೇಳಿ. ಜೊತೆಗೆ ನಮ್ಮ ಪದಗಳನ್ನೂ ಕೊಡಿ. ಬೇಡ, ಆಗಲ್ಲ, ಉತ್ತರ ಕರ್ನಾಟಕದ ಒಲ್ಲೆ, ಒಂದೊಂದಕ್ಕೂ ಒಂದೊಂದು ಜಾಗ ಇದೆ. ಪ್ರೀತಿಯಿಂದ ಬಡಿಸುವವರ ಮುಂದೆ ಹೇಳುವ ಮಾತು ಬೇರೆ. ಮಾರನೇ ದಿನ ಅವನು ಅದನ್ನೇ ಹೇಳಿದ: ‘ಸಾಕು ಅಜ್ಜಿ.’

ಅತ್ತೆ ‘ಇನ್ನರ್ಧ’ ಅಂತ ರೊಟ್ಟಿ ಮುರಿದು ತಟ್ಟೆಗೆ ಹಾಕಿದರು.