ಅಪ್‌ಡೇಟ್: ಗೃಹಜ್ಯೋತಿ ಇದ್ದರೂ ಪೂರ್ತಿ ಬಿಲ್ ಬಂದದ್ದು ಏಕೆ?

ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಿಂದ ರಾಯಚೂರಿನ ನಮ್ಮ ಮನೆಗೆ ಶೂನ್ಯ ಬಿಲ್ ಬರುತ್ತಿದ್ದದ್ದು ಮೇ ತಿಂಗಳಲ್ಲಿ ಏಕಾಏಕಿ ಪೂರ್ತಿ ಮೊತ್ತವಾದದ್ದೇಕೆ ಎಂದು ಕೇಳಿದ್ದೆ. ಮೀಟರ್ ಕೆಟ್ಟಿರಬಹುದು ಎಂದು ಹಲವರು ಹೇಳಿದ್ದಿರಿ.

ಮೇನ್ ಸ್ವಿಚ್ ಆನ್ ಇಟ್ಟು, ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ ನೋಡಿದೆವು. ಕರೆಂಟ್ ಬಳಕೆಯಾದಾಗ ಮಿನುಗುವ ಮೀಟರಿನ ಕೆಂಪು ದೀಪ ಮಿನುಗಲಿಲ್ಲ, ವಿದ್ಯುತ್ ಸೋರಿಕೆಯ ಲಕ್ಷಣವಿಲ್ಲ. ಬಿಲ್ಲಿನ ರೀಡಿಂಗ್ ಕೂಡ ಮೀಟರಿನ ಅಂಕಿಗೆ ತಾಳೆಯಾಗುತ್ತದೆ.

ಕಾರಣ ಬಳಕೆಯೇ. ಯೋಜನೆಗೆ ಎರಡು ಗಡಿಗಳಿವೆ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಸಿಗುವುದು ನಮ್ಮ ಅರ್ಹ ಯೂನಿಟ್. ಅದನ್ನು ಮೀರಿದರೆ ಹೆಚ್ಚುವರಿಗಷ್ಟೇ ಹಣ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ನಮ್ಮದು ದಾಟಿತ್ತು. 200 ವ್ಯಾಟ್‌ನ ಕೂಲರ್ ದಿನಕ್ಕೆ 15 ಗಂಟೆ ಓಡಿದರೆ 3 ಯೂನಿಟ್, ತಿಂಗಳಿಗೆ 90!

ಈ ಬಿಸಿಲಿನಲ್ಲಿ ವಯಸ್ಸಾದ ಅತ್ತೆಯವರಿಗೆ ಕೂಲರ್ ಆರಿಸಿ ಎನ್ನಲು ನನಗೆ ಮನಸ್ಸಿಲ್ಲ. ರಾಯಚೂರು, ಬಳ್ಳಾರಿಯಂಥ ಕಡೆ ಬೇಸಿಗೆಯಲ್ಲಾದರೂ ಮಿತಿಯನ್ನು ಸಡಿಲಿಸಲೇಬೇಕು. ಸದ್ಯಕ್ಕೆ ಪ್ರತಿ ಭಾನುವಾರ ರೀಡಿಂಗ್ ಬರೆದಿಡುತ್ತಿದ್ದೇವೆ. ಕೆಂಪು ದೀಪದ ಪರೀಕ್ಷೆ ತಿಳಿಸಿಕೊಟ್ಟ ಅಣ್ಣನವರಿಗೆ ಧನ್ಯವಾದಗಳು.