‘ಅತಿವೇಗದ ಜೀವಿತಾವಧಿ’ ಸಲ್ಲದು

ಮಾನ್ಯರೇ,

ಪ್ರಯೋಗಾಲಯದ ಬಾಗಿಲಿನ ಫಲಕ ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ‘ಅಲ್ಟ್ರಾಫಾಸ್ಟ್ ಫ್ಲೂರೆಸೆನ್ಸ್ ಲೈಫ್‌ಟೈಮ್’ ಅಳೆಯುವ ಕೆಲಸಕ್ಕೆ ತಾವು ಕೇಳಿದ ಕನ್ನಡ ಪದವನ್ನೇ ಮೊದಲು ಕೊಡುತ್ತೇನೆ: ‘ಪ್ರತಿದೀಪ್ತಿಯ ಅತ್ಯಲ್ಪಾಯು ಮಾಪನ’. ಪ್ರತಿದೀಪ್ತಿ (ಫ್ಲೂರೆಸೆನ್ಸ್) ಎಂದರೆ ಬೆಳಕನ್ನು ಹೀರಿದ ವಸ್ತು ಮರಳಿ ಹೊಮ್ಮಿಸುವ ಬೆಳಕು. ಇಲ್ಲಿ ಹಲವರು ಒಪ್ಪಿರುವ ‘ಅತಿವೇಗದ ಪ್ರತಿದೀಪ್ತಿ ಜೀವಿತಾವಧಿ’ ಕನ್ನಡವಲ್ಲ. ಓಟಕ್ಕೆ ವೇಗವುಂಟು, ಆಯಸ್ಸಿಗೆಲ್ಲಿಯ ವೇಗ? ಬೇಗ ಮುಗಿಯುವ ಬಾಳಿಗೆ ‘ಅಲ್ಪಾಯು’ ಎಂಬ ಮಾತು ನಮ್ಮಲ್ಲಿದೆ. ‘ಅತ್ಯಲ್ಪ ಪ್ರತಿದೀಪ್ತಿ’ ಎಂದು ಹಿಂದುಮುಂದಾಗಿಸಿದರೆ ಮಾತ್ರ ಬೆಳಕೇ ಮಂಕಾಗಿದೆ ಎಂಬ ಅರ್ಥ ಬಂದೀತು, ಎಚ್ಚರವಿರಲಿ.

‘ಜೀವಿತಾವಧಿ’ಯ ಬಗೆಗಿನ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಳಕನ್ನು ಹೀರಿ ಉದ್ರಿಕ್ತವಾದ, ಎಂದರೆ ಹೆಚ್ಚಿನ ಶಕ್ತಿಯ ಸ್ಥಿತಿಗೇರಿದ ಅಣು ಮತ್ತೆ ಬೆಳಕು ಬಿಟ್ಟು ಮೂಲಸ್ಥಿತಿಗೆ ಮರಳುತ್ತದೆಯೇ ಹೊರತು ಸಾಯುವುದಿಲ್ಲ. ಅದರ ಉದ್ರಿಕ್ತ ಸ್ಥಿತಿಗೂ ಗೊತ್ತುಮಾಡಿದ ಅವಧಿಯೆಂಬುದಿಲ್ಲ. ಒಂದೊಂದು ಅಣು ಒಂದೊಂದು ಗಳಿಗೆಗೆ ಮರಳುವುದರಿಂದ ನಾವು ಹೇಳುವುದು ಸರಾಸರಿಯನ್ನು, ಎಂದರೆ ಸರಳ ಘಾತೀಯ ಇಳಿತದಲ್ಲಿ (ಸಮನಾದ ಹೊತ್ತಿಗೆ ಸಮನಾದ ಪ್ರಮಾಣದಲ್ಲಿ ಕುಗ್ಗುವ ಇಳಿತದಲ್ಲಿ) ಬೆಳಕಿನ ತೀವ್ರತೆ ಮೊದಲಿನ ಸುಮಾರು ಶೇ. 37ಕ್ಕೆ ಇಳಿಯಲು ಹಿಡಿಯುವ ಕಾಲವನ್ನು. ಅರ್ಧಕ್ಕೆ ಇಳಿಯುವ ಕಾಲಕ್ಕೆ ‘ಅರ್ಧಾಯು’ ಈಗಾಗಲೇ ನೆಲೆಗೊಂಡಿದೆ. ಅದರ ಪಕ್ಕದಲ್ಲಿ ನಿಲ್ಲಬಲ್ಲದ್ದು ‘ಆಯು’ ಒಂದೇ.

‘ಅತ್ಯಲ್ಪ’ವೆಂದರೆ ಎಷ್ಟೆಂದು ಕೇಳಿದ್ದೀರಿ. ಬಣ್ಣದ ಅಣುಗಳ ಆಯು ಸಾಮಾನ್ಯವಾಗಿ ಕೆಲವು ನ್ಯಾನೊಸೆಕೆಂಡು (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡು). ಇಲ್ಲಿನ ಮಾತು ಅದರ ಸಾವಿರದಲ್ಲೊಂದು ಪಾಲಾದ ಪಿಕೊಸೆಕೆಂಡಿಗೂ ಕಡಿಮೆಯದು. ಸಾಮಾನ್ಯ ಸಂವೇದಕಗಳು ಅದನ್ನು ಹಿಂಬಾಲಿಸಲಾರವು. ಆದ್ದರಿಂದ ಲೇಸರಿನ ಇನ್ನೊಂದು ಮಿಡಿತವನ್ನು (ಪಲ್ಸ್) ಹರಳೊಂದರಲ್ಲಿ ಪ್ರತಿದೀಪ್ತಿಯೊಡನೆ ಬೆರೆಸಿ, ಆ ಮಿಡಿತ ಇರುವಷ್ಟು ಹೊತ್ತಿನ ಬೆಳಕನ್ನಷ್ಟೇ ಮೇಲಿನ ಆವೃತ್ತಿಗೆ ಏರಿಸಿ ಅಳೆಯುತ್ತಾರೆ. ಮಿಡಿತದ ದಾರಿಯ ಕನ್ನಡಿಯನ್ನು 0.15 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಬೆಳಕು ಹೋಗಿಬರುವ ದಾರಿ 0.3 ಮಿಲಿಮೀಟರ್ ಹೆಚ್ಚಿ, ಮಿಡಿತ 1 ಪಿಕೊಸೆಕೆಂಡ್ ತಡವಾಗುತ್ತದೆ. ಹೀಗೆ ಒಂದೊಂದು ಗಳಿಗೆಯ ಬೆಳಕನ್ನೂ ಬೇರೆಬೇರೆಯಾಗಿ ಅಳೆಯಬಹುದು. ಬೆಳಕಿನ ವೇಗ ಬದಲಾಗದೆ ಇರುವುದರಿಂದಲೇ ಈ ಹೊತ್ತಿನ ಅಳತೆ ಸಾಧ್ಯ. ಫಲಕದಲ್ಲಿ ‘ವೇಗ’ ಬೇಡವೆನ್ನಲು ಇದೂ ಒಂದು ಕಾರಣ.

‘ಫ್ಲೂರೆಸೆನ್ಸ್’ ಅರ್ಥಸ್ಪಷ್ಟವಾಗಿದೆ, ಅದನ್ನೇ ಇಡಿ ಎಂಬ ವಾದ ನಿಲ್ಲುವುದಿಲ್ಲ. 1852ರಲ್ಲಿ ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಆ ಹೆಸರನ್ನು ಕಟ್ಟಿದ್ದು ಒಂದು ಖನಿಜದ ಹೆಸರಿನಿಂದ. ಅದಿರು ಕರಗಿಸಲು ಬಳಸುತ್ತಿದ್ದ ಆ ಖನಿಜದ ಲ್ಯಾಟಿನ್ ಹೆಸರಿನ ಬೇರಿಗೆ (ನೀರಿನಂತೆ) ‘ಹರಿಯುವುದು’ ಎಂದು ಅರ್ಥ. ಬೆಳಕಿನ ಸುಳಿವೇ ಅದರಲ್ಲಿಲ್ಲ. ಅಚ್ಚಗನ್ನಡದ ‘ಮಿನುಗು’ ಕೂಡ ಆಗದು, ಏಕೆಂದರೆ ಮಿನುಗುವುದೆಂದರೆ ಬಿಟ್ಟುಬಿಟ್ಟು ಹೊಳೆಯುವುದು. ಬಿದ್ದ ಬೆಳಕಿಗೆ ಪ್ರತಿಯಾಗಿ ಹೊಮ್ಮುವ ಬೆಳಕೆಂಬ ಅರ್ಥವನ್ನು ಒಡಲಲ್ಲೇ ಇಟ್ಟುಕೊಂಡಿರುವ ‘ಪ್ರತಿದೀಪ್ತಿ’ಯನ್ನು ಸಂಸ್ಕೃತದ್ದೆಂಬ ಒಂದೇ ಕಾರಣಕ್ಕೆ ತಳ್ಳುವವರು ‘ಅಣು’ವನ್ನೂ ತಳ್ಳಬೇಕಾಗುತ್ತದೆ.

ಫಲಕದಲ್ಲಿ ಜಾಗ ಸಾಲದಿದ್ದರೆ ‘ಪ್ರತಿದೀಪ್ತಿ ಆಯುಮಾಪನ’ ಎಂದು ಬರೆಸಿ. ಪಿಕೊಸೆಕೆಂಡಿನ ಸಾವಿರದಲ್ಲೊಂದು ಪಾಲಾದ ‘ಫೆಮ್ಟೊಸೆಕೆಂಡ್’ ಹಾಗೆಯೇ ಇರಲಿ. ಮಾನದ ಹೆಸರನ್ನು ಅನುವಾದಿಸಕೂಡದು.