ಧಾರೆಯ ಹೊತ್ತಿನ ಧ್ವನಿ ಕೈತಪ್ಪಿತು: ಮದುವೆ ಚಿತ್ರೀಕರಣ ಮಾಡುವವರ ಸಲಹೆ ಬೇಕು

ಪ್ರಶ್ನೆ: ಪೆರ್ಲದವನು

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಪೇಟೆಯ ಸ್ಟುಡಿಯೋವೊಂದರಲ್ಲಿ ಮೂರು ವರ್ಷ ಎರಡನೆಯ ಕ್ಯಾಮರಾ ಹಿಡಿದ ಮೇಲೆ, ಈ ವರ್ಷದ ಜನವರಿ ಕೊನೆಯಿಂದ ನಾನು ಸ್ವಂತವಾಗಿ ಮದುವೆಯ ವೀಡಿಯೊ ಕೆಲಸ ಮಾಡುತ್ತಿದ್ದೇನೆ. ಆಟಿ ತಿಂಗಳಾದ್ದರಿಂದ ಈಗ ಲಗ್ನಗಳಿಲ್ಲ. ಮಾಡಿದ ಕೆಲಸವನ್ನು ಕುಳಿತು ನೋಡುವುದಕ್ಕೆ ಪುರುಸೊತ್ತು ಸಿಕ್ಕಿದೆ. ನೋಡಿದಷ್ಟೂ ಒಂದು ಮದುವೆಯ ನೆನಪೇ ಚುಚ್ಚುತ್ತಿದೆ.

ಮೇ ತಿಂಗಳಲ್ಲಿ ಬದಿಯಡ್ಕದ ಕಡೆ ಮನೆಯಂಗಳದ ಚಪ್ಪರದಲ್ಲಿ ನಡೆದ ಒಂದು ಹವ್ಯಕ ಮದುವೆ ಅದು. ಐದು ನಿಮಿಷದ ಹೈಲೈಟ್ಸ್ ನೋಡಿ ಮದುಮಕ್ಕಳು ಸಂತೋಷಪಟ್ಟರು, ಅವರ ಗೆಳೆಯರೂ ಹೊಗಳಿದರು. ಆದರೆ ಮುಕ್ಕಾಲು ಗಂಟೆಯ ಪೂರ್ಣ ವೀಡಿಯೊ ನೋಡಿದ ಮದುಮಗಳ ತಂದೆ ಮರುದಿನ ಫೋನು ಮಾಡಿ, "ಚಿತ್ರ ಚೆಂದ ಉಂಟು ಮಾರಾಯ, ಆದರೆ ಧಾರೆಯಲ್ಲಿ ಭಟ್ಟರು ಹೇಳಿದ್ದೆಲ್ಲ ಎಲ್ಲಿ ಹೋಯಿತು? ಅದರ ಮೇಲೆ ಯಾರದೋ ಪಿಟೀಲು ಕೂರಿಸಿದ್ದೀಯಲ್ಲ" ಎಂದು ಕೇಳಿದರು. ನಾನು ಪಿಟೀಲು ಕೂರಿಸಿದ್ದು ಚೆಂದಕ್ಕಾಗಿ ಅಲ್ಲ. ಕ್ಯಾಮರಾದ ಮೇಲಿನ ಮೈಕಿನಲ್ಲಿ ಗಟ್ಟಿಮೇಳವನ್ನೂ ಮನೆಯ ಹಿಂಬದಿಯ ಜನರೇಟರಿನ ಸದ್ದನ್ನೂ ಬಿಟ್ಟರೆ ಬೇರೇನೂ ದಾಖಲಾಗಿರಲಿಲ್ಲ; ಅದನ್ನು ಮುಚ್ಚುವುದಕ್ಕಾಗಿ ಹಾಕಿದೆ. ಅವರಿಗೆ ಸತ್ಯ ಹೇಳಿ ಕ್ಷಮೆ ಕೇಳಿದೆ. ಬಾಕಿಯಿದ್ದ ಹಣವನ್ನು ಅವರು ಪೂರ್ತಿಯಾಗಿಯೇ ಕೊಟ್ಟರು, ಅದು ಇನ್ನಷ್ಟು ಕಷ್ಟವಾಯಿತು.

ಅಂಗಳದ ಮದುವೆಯಲ್ಲಿ ಮಂತ್ರದ ಧ್ವನಿಯನ್ನು ಹಿಡಿಯುವ ನಂಬಿಕೆಯ ದಾರಿ ಯಾವುದು? ಮದುಮಕ್ಕಳಿಗೆ ಬೇಕಾದ ಸಿನಿಮಾಟಿಕ್ ಚಿತ್ರವನ್ನೂ ಹಿರಿಯರಿಗೆ ಬೇಕಾದ ದಾಖಲೆಯನ್ನೂ ಒಬ್ಬನೇ ಹೇಗೆ ಕೊಡುವುದು? ಇದನ್ನೆಲ್ಲ ಮೊದಲೇ ಬರೆದುಕೊಳ್ಳುವ ಪದ್ಧತಿ ನಿಮ್ಮಲ್ಲಿ ಉಂಟೇ?

ಉತ್ತರ: ಮುಳ್ಳೇರಿಯದ ಹಳೆಯ ಕೈ

ತಮ್ಮಾ, ಇಂಥದೇ ತಪ್ಪನ್ನು ನಾನು ಟೇಪಿನ ಕಾಲದಲ್ಲಿ ಮಾಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಆಗ ಒಂದು ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ 60 ನಿಮಿಷ ಹಿಡಿಯುತ್ತಿತ್ತು. ಅಂತಃಪಟ ಹಿಡಿದಿರುವಾಗ ಟೇಪು ಮುಗಿದರೆ ಮಾನ ಹೋಯಿತೆಂದೇ ಲೆಕ್ಕ. ಆ ಹೆದರಿಕೆಯಿಂದ ನಾವು ಪ್ರತಿ ಸಮುದಾಯದ ಮದುವೆಯ ಕ್ರಮವನ್ನು ಬಾಯಿಪಾಠ ಮಾಡಿಕೊಂಡೆವು: ಹವ್ಯಕರಲ್ಲಿ ಯಾವುದರ ಮೇಲೆ ಯಾವುದು ಬರುತ್ತದೆ, ಬಂಟರ ಧಾರೆಯಲ್ಲಿ ಗಿಂಡಿಗೆ ಯಾರೆಲ್ಲ ಕೈ ಮುಟ್ಟಿಸಬೇಕು, ಮಲಯಾಳಿಗಳ ತಾಳಿಕೆಟ್ಟು ಎಷ್ಟು ಬೇಗ ಮುಗಿದುಹೋಗುತ್ತದೆ ಎಂದು. ಇಂದಿನ ಕಾರ್ಡಿನಲ್ಲಿ ಗಂಟೆಗಟ್ಟಲೆ ಹಿಡಿಯುವುದರಿಂದ ಆ ಹೆದರಿಕೆ ಹೋಗಿದೆ, ಅದರ ಜೊತೆಗೆ ಕಲಿಯುವ ಅಭ್ಯಾಸವೂ ಹೋಗಿದೆ. ಆದರೆ ಹಲವು ಫೋಟೋ ಕ್ಯಾಮರಾಗಳು ಈಗಲೂ 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಂತುಬಿಡುತ್ತವೆ. ವೀಡಿಯೊ ಕ್ಯಾಮರಾಗಳ ಮೇಲೆ ಯುರೋಪಿನಲ್ಲಿದ್ದ ಹೆಚ್ಚಿನ ಸುಂಕವನ್ನು ತಪ್ಪಿಸಲು ತಯಾರಕರು ಇಟ್ಟುಕೊಂಡ ಮಿತಿ ಅದು. ಅದರ ಫಲವನ್ನು ನಾವು ಇಲ್ಲಿ ಅನುಭವಿಸುತ್ತೇವೆ. ಮಂಗಳಾಷ್ಟಕ ತೊಡಗುವ ಮೊದಲು ಒಮ್ಮೆ ನಿಲ್ಲಿಸಿ ಹೊಸದಾಗಿ ಆರಂಭಿಸು.

ಇನ್ನು ಧ್ವನಿಯ ವಿಚಾರ. ಬಯಲಿನಲ್ಲಿ ಮೈಕಿನಿಂದ ಬಾಯಿಗಿರುವ ದೂರ ಇಮ್ಮಡಿಯಾದಾಗಲೆಲ್ಲ ಮಾತು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಪುರೋಹಿತರಿಂದ ಮೂರು ಅಡಿ ದೂರದಲ್ಲಿರುವ ಮೈಕಿಗೂ ಹನ್ನೆರಡು ಅಡಿ ದೂರದ ನಿನ್ನ ಕ್ಯಾಮರಾಕ್ಕೂ 12 ಡೆಸಿಬೆಲ್ ವ್ಯತ್ಯಾಸ. ಅದೇ ಹನ್ನೆರಡು ಅಡಿಯೊಳಗೆ ನಾಗಸ್ವರದವರೂ ಡೋಲಿನವರೂ ಕುಳಿತಿರುತ್ತಾರೆ. ಹಾಗಾಗಿ ಎಷ್ಟು ದುಬಾರಿಯ ಮೈಕನ್ನು ಕ್ಯಾಮರಾದ ನೆತ್ತಿಗೆ ಏರಿಸಿದರೂ ಪ್ರಯೋಜನವಿಲ್ಲ, ಮೈಕು ಮಂಟಪದೊಳಗೆ ಇರಲೇಬೇಕು. ನಾನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ರೆಕಾರ್ಡರನ್ನು ಪುರೋಹಿತರ ಎದುರಿನ ಹೂವಿನ ಹರಿವಾಣದ ಅಂಚಿನಲ್ಲಿ, ಅವರ ಒಪ್ಪಿಗೆ ಕೇಳಿ, ಸೇವಂತಿಗೆ ಮಾಲೆಯ ಅಡಿಗೆ ಇಡುತ್ತೇನೆ. ಮದುಮಗನ ಶಲ್ಯಕ್ಕೆ ಕಾಲರ್ ಮೈಕು ಸಿಕ್ಕಿಸುವವರಿದ್ದಾರೆ. ಮಾಲೆ ಬಿದ್ದ ಕ್ಷಣದಿಂದ ಅದರಲ್ಲಿ ಹೂವಿನ ಉಜ್ಜಾಟದ ಸದ್ದಲ್ಲದೆ ಬೇರೇನೂ ಕೇಳುವುದಿಲ್ಲ. ಸಾಧ್ಯವಾದರೆ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುವ ರೆಕಾರ್ಡರನ್ನೇ ಕೊಳ್ಳು. ಗಟ್ಟಿಮೇಳ ಏಕಾಏಕಿ ಎದ್ದಾಗ ಅದರಲ್ಲಿ ಧ್ವನಿ ಒಡೆಯುವುದು ಕಡಿಮೆ, ಎಡಿಟಿಂಗ್‌ನಲ್ಲಿ ತಗ್ಗಿಸಿಕೊಳ್ಳಬಹುದು. ಎರಡನೆಯ ರೆಕಾರ್ಡರು ಮದುಮಗಳ ತಂದೆ ಕೂರುವ ಕಡೆಗೆ ಇರಲಿ. ಒಂದು ಕೈಕೊಟ್ಟರೆ ಇನ್ನೊಂದು ಬೇಕಲ್ಲ.

ಜನರೇಟರಿನ ಸಮಸ್ಯೆಗೆ ಯಂತ್ರ ಬೇಡ. ಹಿಂದಿನ ದಿನ ಸಂಜೆ ಚಪ್ಪರ ಹಾಕುತ್ತಿರುವಾಗಲೇ ಹೋಗಿ, ಮರುದಿನ ನಿಲ್ಲುವ ಜಾಗದಲ್ಲಿ ಹೆಡ್‌ಫೋನು ಹಾಕಿಕೊಂಡು ನಿಂತು ನೋಡು. ಶಾಮಿಯಾನದವರಿಗೆ ಒಂದು ಮಾತು ಹೇಳಿದರೆ ಅದನ್ನು ಹಟ್ಟಿಯ ಆಚೆ ಬದಿಗೆ ಸಾಗಿಸುತ್ತಾರೆ; ಮದುವೆಯ ಬೆಳಗ್ಗೆ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅದೇ ಸಂಜೆ ಮೇಲಿನ ಹೊದಿಕೆಯನ್ನೂ ಗಮನಿಸು. ನೀಲಿ ಟಾರ್ಪಾಲಿನ ಅಡಿಯಲ್ಲಿ ಅರಸಿನ ಮೆತ್ತಿದ ಕೆನ್ನೆ ಹಸಿರಾಗಿ ಕಾಣುತ್ತದೆ. ಅಭಿಜಿನ್ ಲಗ್ನವಾದರೆ ನಡುಮಧ್ಯಾಹ್ನದ ಬಿಸಿಲು ಆ ನೀಲಿಯನ್ನು ಇನ್ನೂ ಎತ್ತಿ ತೋರಿಸುತ್ತದೆ. ಮಂಟಪದೊಳಗೇ ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿಕೋ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಸೆಕೆಂಡಿಗೆ 25 ಫ್ರೇಮಿಗೆ 1/50, ನಿಧಾನಗತಿಗಾಗಿ 50 ಫ್ರೇಮಿಟ್ಟರೆ 1/100 ಸೆಕೆಂಡಿನ ಶಟರ್ ಇಟ್ಟುಕೋ. 60 ಫ್ರೇಮಿಗೆ ಹೋದರೆ ಅಗ್ಗದ ಎಲ್‌ಇಡಿ ಸರಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡುವ ಸಂಭವ ಹೆಚ್ಚು.

ಎರಡು ಬಗೆಯ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾದದ್ದು. ಹೈಲೈಟ್ಸ್‌ನಲ್ಲಿ ನಿನ್ನ ಇಷ್ಟದ ಸಂಗೀತ, ನಿಧಾನಗತಿ, ಏನು ಬೇಕಾದರೂ ಮಾಡು. ಉದ್ದದ ವೀಡಿಯೊದಲ್ಲಿ ಮಾತ್ರ ವಿಧಿಗಳ ಮೇಲೆ ಹೊರಗಿನ ಒಂದೇ ಒಂದು ಸ್ವರವೂ ಬರಕೂಡದು. ನಾನು ಮೂರನೆಯದಾಗಿ, ಒಂದು ಕ್ಯಾಮರಾವನ್ನು ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಅಲ್ಲಾಡದಂತೆ ನಿಲ್ಲಿಸಿ ಹಿಡಿದ ಧಾರೆಯ ಭಾಗವನ್ನು ಕತ್ತರಿಸದೆ ಕೊಡುತ್ತೇನೆ. ಅದಕ್ಕೆ ಎಡಿಟಿಂಗ್ ಶ್ರಮವೇ ಇಲ್ಲ, ಮನೆಯವರು ಹೆಚ್ಚು ಸಲ ನೋಡುವುದು ಅದನ್ನೇ. ಕಡತಗಳಿಗೆ ಜಾಗ ಬೇಕಾಗುತ್ತದೆ, ನಿಜ: ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಹಿಡಿದರೆ ಗಂಟೆಗೆ 45 ಜಿಬಿ, ಎರಡು ಕ್ಯಾಮರಾ ಐದು ಗಂಟೆ ಓಡಿದರೆ 450 ಜಿಬಿ, ಎರಡು ಪ್ರತಿ ಇಟ್ಟರೆ 900. ಆ ಡಿಸ್ಕಿನ ಬೆಲೆಯನ್ನು ದರ ಹೇಳುವಾಗಲೇ ಸೇರಿಸಿಬಿಡು.

ಉತ್ತರ: ನೀರ್ಚಾಲು ಕಡೆಯ ಪುರೋಹಿತ

ವೀಡಿಯೊದವರ ಚರ್ಚೆಯಲ್ಲಿ ಬಾಯಿ ಹಾಕುವುದಕ್ಕೆ ಕ್ಷಮೆ ಇರಲಿ. ಆ ತಂದೆ ಕೇಳಿದ್ದೇನೆಂದು ನನಗೆ ಅರ್ಥವಾಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಕನ್ಯಾದಾನದ ಸಂಕಲ್ಪದಲ್ಲಿ ಎರಡೂ ಮನೆಗಳ ಗೋತ್ರ, ಪ್ರವರಗಳೊಂದಿಗೆ ಮೂರು ತಲೆಮಾರಿನ ಹೆಸರುಗಳನ್ನು ಹೇಳುತ್ತೇವೆ: ಇಂಥವರ ಪ್ರಪೌತ್ರೀಂ, ಇಂಥವರ ಪೌತ್ರೀಂ, ಇಂಥವರ ಪುತ್ರೀಂ ಎಂದು. ಇದನ್ನು ಮೂರು ಬಾರಿ ಹೇಳುವುದು ಕ್ರಮ. ಮದುಮಗಳ ಮುತ್ತಜ್ಜನ ಹೆಸರು ಅಂಗಳದಲ್ಲಿ, ಇಷ್ಟು ಜನರೆದುರು, ಗಟ್ಟಿಯಾಗಿ ಕೇಳಿಬರುವುದು ಅಂದು ಮಾತ್ರ. ಎಷ್ಟೋ ಮನೆಗಳಲ್ಲಿ ಆ ಹೆಸರು ಮಕ್ಕಳಿಗೆ ಗೊತ್ತಿರುವುದಿಲ್ಲ. ಹಿಂದಿನ ದಿನ ನಾನು ಕೇಳಿದಾಗ ಯಾರಾದರೂ ಅಜ್ಜಿಯನ್ನು ಎಬ್ಬಿಸಿ ಕೇಳಿ ಬಂದು ಹೇಳುತ್ತಾರೆ. ನಿಮ್ಮ ಪಿಟೀಲಿನ ಅಡಿಗೆ ಬಿದ್ದದ್ದು ಅದು.

ನೀವು ಬೆಳಗ್ಗೆಯೇ ನಮ್ಮನ್ನು ಕಂಡು ಮಾತನಾಡಿದರೆ, ಸಂಕಲ್ಪ ಮುಗಿಯುವ ತನಕ ವಾದ್ಯದವರಿಗೆ ಕೈಸನ್ನೆ ಮಾಡಿ ತಡೆಯುವುದು ನಮಗೆ ಕಷ್ಟವಲ್ಲ. ಹರಿವಾಣದಲ್ಲಿ ರೆಕಾರ್ಡರು ಇಡುವುದಕ್ಕೂ ಅಡ್ಡಿಯಿಲ್ಲ. ಒಬ್ಬ ಹುಡುಗ ಕ್ಲಿಪ್ಪನ್ನು ನನ್ನ ಜನಿವಾರಕ್ಕೇ ಸಿಕ್ಕಿಸಲು ಬಂದಿದ್ದ, ಅದೊಂದು ಬೇಡ. ಲಾಜಾಹೋಮದಲ್ಲಿ ಮದುಮಗಳ ಸಹೋದರ ಅರಳು ಕೊಡುವಾಗ ಹೊಗೆ ಬರುವ ದಿಕ್ಕಿನಲ್ಲಿ ನಿಂತರೆ ನಿಮಗೂ ಕಾಣದು, ನಿಮ್ಮ ಲೆನ್ಸಿಗೂ ಒಳ್ಳೆಯದಲ್ಲ. ಗಾಳಿ ನೋಡಿ ಮೊದಲೇ ಜಾಗ ಹಿಡಿಯಿರಿ. ಡ್ರೋನನ್ನು ಚಪ್ಪರದ ಹತ್ತಿರಕ್ಕೆ ತರಬೇಡಿ, ಮಂತ್ರವೇ ಕೇಳುವುದಿಲ್ಲ. ಮಾಂಗಲ್ಯ ಕಟ್ಟಿ ಆದ ಮೇಲೆ "ಇನ್ನೊಮ್ಮೆ ಕಟ್ಟಿದ ಹಾಗೆ ಮಾಡಿ" ಎಂದು ಕೇಳುವವರೂ ಇದ್ದಾರೆ. ನಾನು ಬಿಡುವುದಿಲ್ಲ. ಮಾಲೆಯನ್ನು ಬೇಕಾದರೆ ಹತ್ತು ಬಾರಿ ಹಾಕಿಸಿಕೊಳ್ಳಿ.

ಉತ್ತರ: ಉಪ್ಪಳದಿಂದ ಒಬ್ಬಳು

ಬರೆದುಕೊಳ್ಳುವ ಪದ್ಧತಿಯ ಬಗ್ಗೆ ನಾನು ಹೇಳಬಹುದು, ಏಕೆಂದರೆ ನನ್ನ ಕೆಲಸ ಅದಿಲ್ಲದೆ ನಡೆಯುವುದೇ ಇಲ್ಲ. ನಾನು ಹೆಚ್ಚಾಗಿ ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಯ ಚಿತ್ರೀಕರಣ ಮಾಡುತ್ತೇನೆ. ನಿಕಾಹ್ ಗಂಡಸರ ನಡುವೆ ನಡೆಯುತ್ತದೆ: ವಧುವಿನ ತಂದೆ ಮದುಮಗನ ಕೈ ಹಿಡಿದು, ಮಹ್ರ್ (ಮದುಮಗ ವಧುವಿಗೆ ಕೊಡುವ ಧನ) ಎಷ್ಟೆಂದು ಹೇಳಿ ಒಪ್ಪಿಸುವ ಆ ಒಂದೆರಡು ನಿಮಿಷವನ್ನು ವಧು ಎಷ್ಟೋ ಸಲ ವೀಡಿಯೊದಲ್ಲಿಯೇ ಮೊದಲ ಬಾರಿ ಕೇಳುತ್ತಾಳೆ. ಹಾಗಾಗಿ ಧ್ವನಿಯ ಬಗ್ಗೆ ಮೇಲಿನ ಅಣ್ಣ ಹೇಳಿದ್ದು ನಮ್ಮಲ್ಲಿಯೂ ಅಷ್ಟೇ ಸತ್ಯ. ಹೆಂಗಸರ ಕಡೆಯ ಕಾರ್ಡು ಮಾತ್ರ ಪ್ರತ್ಯೇಕ. ಅದನ್ನು ನಾನೇ ಎಡಿಟ್ ಮಾಡುತ್ತೇನೆ, ಗಂಡಸರ ಕಡೆ ಹಿಡಿದ ತಂಡಕ್ಕೆ ಕೊಡುವುದಿಲ್ಲ, ಒಂದು ಫ್ರೇಮನ್ನೂ ಇನ್‌ಸ್ಟಾಗ್ರಾಮಿಗೆ ಹಾಕುವುದಿಲ್ಲ ಎಂದು ಕಾಗದದಲ್ಲಿಯೇ ಬರೆದಿರುತ್ತದೆ.

ಹಿಂದೂ ಮದುವೆ ಮಾಡುವವರೂ ಇದನ್ನು ಬರೆದುಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕುದಾರರು ಮಾಡಿಸಿದವರೇ ಹೊರತು ಕ್ಯಾಮರಾ ಹಿಡಿದವರಲ್ಲ. ಹಾಗಾಗಿ "ನನ್ನ ಕೆಲಸ, ನಾನು ರೀಲ್ಸ್ ಹಾಕುತ್ತೇನೆ" ಎಂಬ ವಾದ ನಿಲ್ಲುವುದಿಲ್ಲ. ಹಾಡಿನ ವಿಷಯದಲ್ಲಿಯೂ ಒಂದು ಗೊಂದಲವಿದೆ. ಮದುವೆಯ ಸಮಾರಂಭದಲ್ಲಿ ಹಾಡು ನುಡಿಸುವುದಕ್ಕೆ ಅದೇ ಕಾಯ್ದೆಯ 52ನೆಯ ಸೆಕ್ಷನ್ ವಿನಾಯಿತಿ ಕೊಡುತ್ತದೆ; ಸಿನಿಮಾ ಹಾಡನ್ನು ನಿಮ್ಮ ವೀಡಿಯೊಗೆ ಜೋಡಿಸಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಸಂಗತಿ, ಧ್ವನಿ ಮೂಕವಾದರೆ ಆಶ್ಚರ್ಯಪಡಬೇಡಿ.

ನನ್ನ ಕಾಗದ ಒಂದೇ ಪುಟದ್ದು, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ವಿಧಿಗಳ ಮೂಲ ಧ್ವನಿ ಇರುವುದೋ ಇಲ್ಲವೋ, ಎಷ್ಟು ದಿನದೊಳಗೆ ಕೊಡುವುದು, ಮೂಲ ಕಡತಗಳನ್ನು ಎಷ್ಟು ತಿಂಗಳು ಕಾಪಾಡುವುದು, ಇವಿಷ್ಟು ಸಾಕು. ಅದರ ಜೊತೆಗೆ ತಪ್ಪದೆ ಹಿಡಿಯಬೇಕಾದ ಹತ್ತು ಜನರ ಹೆಸರನ್ನು ಮನೆಯವರಿಂದಲೇ ಬರೆಸುತ್ತೇನೆ. ಚೆಂದದ ಸೀರೆ ಉಟ್ಟ ಹುಡುಗಿಯರ ಹಿಂದೆ ಕ್ಯಾಮರಾ ತಾನಾಗಿಯೇ ಹೋಗುತ್ತದೆ, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಅಜ್ಜಿಯನ್ನು ಪಟ್ಟಿ ನೋಡಿಯೇ ಹುಡುಕಬೇಕಾಗುತ್ತದೆ.

ಇನ್ನೊಂದು ಮಾತು: ಕಡತವನ್ನು ಕೊಡುವ ಮೊದಲು ಕನ್ನಡದ ಶೀರ್ಷಿಕೆಗಳನ್ನು ಯಾರಿಂದಲಾದರೂ ಓದಿಸಿ. ಎಡಿಟಿಂಗ್ ತಂತ್ರಾಂಶದಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರಿ, ಮದುಮಗನ ಹೆಸರೇ ಕೆಟ್ಟದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನಲ್ಲಿ ಅಕ್ಷರ ಜೋಡಣೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವನು ಮತ್ತೆ

ಎಲ್ಲರಿಗೂ ಕೃತಜ್ಞತೆ. ಪುರೋಹಿತರ ಮಾತು ಓದಿದ ಮೇಲೆ ನಿನ್ನೆ ಸಂಜೆ ಮೂಲ ಕಡತಗಳನ್ನು ತೆರೆದು, ಸಂಕಲ್ಪದ ಭಾಗವನ್ನು ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ಮೂರನೆಯ ಬಾರಿ ಹೇಳುವಾಗ ವಾದ್ಯ ಒಂದು ಗಳಿಗೆ ನಿಂತಿದೆ. ಜನರೇಟರಿನ ಗುಂಯ್ ಎಂಬ ಸದ್ದಿನ ನಡುವೆ "ಪೌತ್ರೀಂ" ಎಂಬುದೂ ಅದರ ಹಿಂದಿನ ಒಂದು ಹೆಸರೂ ಸ್ಪಷ್ಟವಾಗಿ ಸಿಗುತ್ತವೆ. ಸುಮಾರು ಹನ್ನೊಂದು ಸೆಕೆಂಡು. ಪಿಟೀಲು ತೆಗೆದು, ಆ ಭಾಗವನ್ನು ಇದ್ದ ಹಾಗೆಯೇ ಇಟ್ಟು, ಮದುಮಗಳ ತಂದೆಗೆ ಹೊಸ ಪ್ರತಿಯನ್ನು ಈ ಭಾನುವಾರ ಕೈಯಾರೆ ಕೊಡಲಿದ್ದೇನೆ.

ಮುಂದಿನ ಕೆಲಸ ಮಲಯಾಳ ಪಂಚಾಂಗದ ಚಿಂಗ ತಿಂಗಳಿನಲ್ಲಿ ಕಾಞಂಗಾಡಿನ ಒಂದು ಮಲಯಾಳಿ ಮದುವೆ. ಮುಳ್ಳೇರಿಯದ ಅಣ್ಣನಲ್ಲಿ ಒಂದು ಪ್ರಶ್ನೆ: ತಾಳಿಕೆಟ್ಟು ಅಷ್ಟು ಚಿಕ್ಕದಾದರೆ ಅಲ್ಲಿಯೂ ಎರಡು ರೆಕಾರ್ಡರು ಬೇಕೇ?

ಉತ್ತರ: ಮುಳ್ಳೇರಿಯದ ಹಳೆಯ ಕೈ

ಬೇಕು. ಚಿಕ್ಕದಾದಷ್ಟೂ ತಪ್ಪು ತಿದ್ದಿಕೊಳ್ಳಲು ಸಮಯ ಇರುವುದಿಲ್ಲ. ಎರಡನ್ನೂ ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಚಾಲೂ ಮಾಡಿ, ಎಲ್ಲ ಕ್ಯಾಮರಾಗಳಿಗೂ ಕೇಳುವಂತೆ ಒಮ್ಮೆ ಕೈ ತಟ್ಟು, ಎಡಿಟಿಂಗ್‌ನಲ್ಲಿ ಹೊಂದಿಸುವುದು ಸುಲಭವಾಗುತ್ತದೆ. ಬ್ಯಾಟರಿ ಹೊಸದಿರಲಿ. ಭಾನುವಾರ ಅವರ ಮನೆಗೆ ಹೋಗುವಾಗ ಕಡತವನ್ನು ಪೆನ್‌ಡ್ರೈವಿನಲ್ಲಿ ಕೊಂಡುಹೋಗು, ಟಿವಿಯಲ್ಲಿ ಹಾಕಿ ತೋರಿಸಿಯೇ ಬಾ.